ಶಾರ್ಟ್ ಲೆಗ್‌ನಲ್ಲಿ ನಿಂತವಳಿಗೆ

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಮೂರು ಪುಟದ ದೂರು ತಲುಪಿತು. ಮೊದಲೆರಡು ಪುಟ ಓದುವಾಗ ಮರುಕವಾಯಿತು, ಮೂರನೆಯದಕ್ಕೆ ಬರುವಷ್ಟರಲ್ಲಿ ನಗು ಬಂತು. ಮುನಿಸಿಕೊಳ್ಳಬೇಡ. ಕ್ರಿಕೆಟ್ ತಂಡಕ್ಕೆ ಹೊಸಬಳೆಂದು ನಿನ್ನನ್ನು, ಬ್ಯಾಟರ್‌ನ ಮಗ್ಗುಲಲ್ಲೇ ಕ್ಯಾಚಿಗೆ ಕಾಯುವ ಶಾರ್ಟ್ ಲೆಗ್‌ಗೆ ತಳ್ಳಿದ್ದಾರೆ, ಕುಕ್ಕರಗಾಲಿನಲ್ಲಿ ಕೂತು ಕೂತು ಮಂಡಿ ಸೋತಿದೆ, ದಿನವಿಡೀ ಒಂದು ಕ್ಯಾಚೂ ಬರಲಿಲ್ಲ, ಬಂದ ಒಂದನ್ನು ಕೈಚೆಲ್ಲಿದೆ ಎಂದು ಒಂದೇ ಉಸಿರಿನಲ್ಲಿ ಬರೆದಿದ್ದೀಯೆ. ಬರಲೇ ಇಲ್ಲ ಎಂದ ಕ್ಯಾಚನ್ನು ಕೈಚೆಲ್ಲಿದ್ದು ಹೇಗೆ ಎಂದು ಕೇಳುವುದಿಲ್ಲ. ಸಿಟ್ಟಿನಲ್ಲಿ ಬರೆದ ಪತ್ರಕ್ಕೆ ಲೆಕ್ಕ ಹಿಡಿಯಬಾರದು.

ಆದರೆ ಕೊನೆಯಲ್ಲಿ ಒಂದು ಮಾತು ಬರೆದಿದ್ದೀಯಲ್ಲ, ‘ಅಲ್ಲಿ ಯಾರು ನಿಂತರೂ ಒಂದೇ, ಒಂದು ಕಂಬ ನೆಟ್ಟರೂ ಸಾಕು’ ಎಂದು, ಅದಕ್ಕೆ ಉತ್ತರ ಕೊಡದೆ ಬಿಡಲಾರೆ. ಆರು ವರ್ಷ ಆ ಕಂಬವಾಗಿ ನಿಂತವಳು ನಾನು.

ಮೊದಲು ನೀನು ನಿಂತ ನೆಲ ಯಾವುದೆಂದು ತಿಳಿದುಕೋ. ಬ್ಯಾಟರ್ ನಿಂತಾಗ ಅವಳ ಕಾಲಿರುವ ಪಕ್ಕ ಲೆಗ್, ಬ್ಯಾಟು ಚಾಚುವ ಪಕ್ಕ ಆಫ್. ಶಾರ್ಟ್ ಎಂದರೆ ಹತ್ತಿರ. ಹೆಸರಿನಲ್ಲೇ ವಿಳಾಸವಿದೆ. ಬ್ಯಾಟರ್‌ಗಿಂತ ತುಸು ಮುಂದೆ, ಓರೆಯಾಗಿ ನಿಂತರೆ ಫಾರ್ವರ್ಡ್ ಶಾರ್ಟ್ ಲೆಗ್. ಬ್ಯಾಟರ್ ನಿಲ್ಲುವ ಗೆರೆ, ಎಂದರೆ ಕ್ರೀಸಿನಿಂದ ಹಿಂದಕ್ಕೆ ಸರಿದರೆ ಬ್ಯಾಕ್ವರ್ಡ್ ಶಾರ್ಟ್ ಲೆಗ್. ಫಾರ್ವರ್ಡ್ ಶಾರ್ಟ್ ಲೆಗ್‌ನಿಂದ ಬೌಲರ್ ಕಡೆಗೆ ಇನ್ನೂ ನಾಲ್ಕು ಹೆಜ್ಜೆ ಇಟ್ಟರೆ ಸಿಲ್ಲಿ ಮಿಡ್ ಆನ್. ಸಿಲ್ಲಿ ಎಂದರೆ ಪೆದ್ದು. ಅಷ್ಟು ಹತ್ತಿರ ಹೋಗಿ ನಿಲ್ಲುವವರಿಗೆ ಬುದ್ಧಿ ಕಡಿಮೆ ಎಂಬುದು ಹೆಸರಿಟ್ಟವರ ಅಭಿಪ್ರಾಯ. ಎದುರು ಪಕ್ಕದ ಸಿಲ್ಲಿ ಪಾಯಿಂಟ್‌ಗೂ ಅದೇ ಬಿರುದು. ನಮ್ಮ ಜಾಗಕ್ಕೆ ಆ ಬಿರುದು ಅಂಟದೆ ಹೋದದ್ದು ಹೇಗೋ ಗೊತ್ತಿಲ್ಲ, ಅರ್ಹತೆಯಂತೂ ಇದೆ. ಎಡಗೈ ಬ್ಯಾಟರ್ ಬಂದಾಗ ಅಂಗಳವೆಲ್ಲ ಕನ್ನಡಿಯೊಳಗೆ ಕಂಡಂತೆ ಪಕ್ಕ ಬದಲಾಯಿಸುತ್ತದೆ. ಆಗ ಬೌಲರ್ ಓಟ ಶುರುಮಾಡುವ ಮೊದಲೇ ನೀನು ಈ ಬದಿಯಿಂದ ಆ ಬದಿಗೆ ಹೋಗಿ ನೆಲೆಯಾಗಿರಬೇಕು.

ಎಷ್ಟು ಹತ್ತಿರ ಎಂಬುದಕ್ಕೆ ನಿಯಮವೇ ಒಂದು ಗೆರೆ ಎಳೆದಿದೆ. ಪಿಚ್‌ನ ಅಗಲ 10 ಅಡಿ. ಚೆಂಡು ಬ್ಯಾಟಿಗೋ ಬ್ಯಾಟರ್‌ನ ಮೈಗೋ ತಗುಲುವವರೆಗೆ, ಇಲ್ಲವೇ ಅವಳನ್ನು ದಾಟುವವರೆಗೆ, ನಿನ್ನ ಮೈಯ ಯಾವ ಭಾಗವೂ ಆ 10 ಅಡಿಯೊಳಗೆ ಇರಕೂಡದು. ಕಾಲು ಹೊರಗಿಟ್ಟು ಕೈಯನ್ನು ಪಿಚ್ ಮೇಲೆ ಚಾಚಿಕೊಂಡರೂ ತಪ್ಪೇ, ಅಂಪೈರ್ ನೋಬಾಲ್ ಕೊಡುತ್ತಾರೆ. ಬೊಗಸೆಯನ್ನು ಮುಂದಕ್ಕೆ ಚಾಚಿ ಕೂರುವುದು ಹೊಸಬರ ಚಟ; ನಿನಗೂ ಇರುತ್ತದೆ, ನೋಡಿಕೋ. ಇನ್ನೊಂದು ನಿಯಮ ನಿನಗಿಂತ ನಾಯಕಿಗೆ ಸೇರಿದ್ದು. ಲೆಗ್ ಪಕ್ಕದಲ್ಲಿ ಕ್ರೀಸಿನ ಹಿಂದೆ ವಿಕೆಟ್ ಕೀಪರ್ ಬಿಟ್ಟು ಇಬ್ಬರಿಗಿಂತ ಹೆಚ್ಚು ಜನ ಇರುವಂತಿಲ್ಲ. 1932-33ರಲ್ಲಿ ಇಂಗ್ಲೆಂಡಿನ ನಾಯಕ ಡಗ್ಲಸ್ ಜಾರ್ಡಿನ್ ಆಸ್ಟ್ರೇಲಿಯಾದಲ್ಲಿ ಲೆಗ್ ಪಕ್ಕಕ್ಕೆ ಕ್ಷೇತ್ರರಕ್ಷಕರ ಬೇಲಿಯನ್ನೇ ಕಟ್ಟಿ, ಹೆರಾಲ್ಡ್ ಲಾರ್ವುಡ್ ಅವರಿಂದ ಬ್ಯಾಟರ್‌ಗಳ ಪಕ್ಕೆಲುಬಿನತ್ತ ಚೆಂಡು ಎಸೆಯಿಸಿದ್ದರು. ಬಾಡಿಲೈನ್ ಎಂದು ಹೆಸರಾದದ್ದು ಅದೇ. ಅಂಥ ಬೇಲಿಗೆ ಈಗ ಜಾಗವಿಲ್ಲ. ಆದ್ದರಿಂದ ನಾಯಕಿ ನಿನ್ನನ್ನು ‘ಒಂದು ಹೆಜ್ಜೆ ಹಿಂದೆ’ ಎಂದು ಕರೆದಾಗ ಕೀಪರ್ ಪಕ್ಕದ ಲೆಗ್ ಸ್ಲಿಪ್‌ನಲ್ಲಿ ಯಾರಿದ್ದಾರೆ, ಹಿಂದೆ ಗಡಿಯ ಬಳಿಯ ಡೀಪ್ ಫೈನ್ ಲೆಗ್‌ನಲ್ಲಿ ಯಾರಿದ್ದಾರೆ ಎಂದು ಒಮ್ಮೆ ತಿರುಗಿ ಎಣಿಸು. ನಾಯಕಿಯರು ಈ ಲೆಕ್ಕ ಮರೆಯುತ್ತಾರೆ.

ಈಗ ಇನ್ನೊಂದು ಲೆಕ್ಕ. ನಿನಗೂ ಬ್ಯಾಟಿಗೂ ನಡುವೆ ಒಂದೂವರೆ ಮಾರಿಗಿಂತ ತುಸು ಹೆಚ್ಚು, ಸುಮಾರು 3 ಮೀಟರ್ ಇದೆ ಎಂದಿಟ್ಟುಕೋ. ಬ್ಯಾಟಿನಿಂದ ಹೊರಟ ಚೆಂಡಿನ ವೇಗ ಗಂಟೆಗೆ 72 ಕಿಲೋಮೀಟರ್ ಇರಲಿ, ಅದೇನೂ ಭಾರೀ ಹೊಡೆತವಲ್ಲ. ಸೆಕೆಂಡಿಗೆ 20 ಮೀಟರ್ ಆಯಿತು. ನಿನ್ನನ್ನು ಮುಟ್ಟಲು ಅದಕ್ಕೆ 0.15 ಸೆಕೆಂಡ್ ಸಾಕು. ಕಣ್ಣು ಕಂಡದ್ದಕ್ಕೆ ಕೈ ಹೊರಡಲು ಮನುಷ್ಯರಿಗೆ ಹೆಚ್ಚು ಕಡಿಮೆ 0.2 ಸೆಕೆಂಡ್ ಬೇಕು. ನೋಡಿ ಹಿಡಿಯುತ್ತೇನೆ ಎಂದು ಕೂತವಳಿಗೆ ಚೆಂಡು ಎದೆಗೆ ಬಡಿದ ಮೇಲೆ ಸುದ್ದಿ ತಲುಪುತ್ತದೆ. ನಿನ್ನ ತೊಡೆಯ ಮೇಲೆ ಹೊಲಿಗೆಯ ಅಚ್ಚು ಬಿದ್ದದ್ದು ನಿನ್ನ ದಡ್ಡತನದಿಂದಲ್ಲ. ಆ ಚೆಂಡು ಯಾರಿಗೂ ಸಿಗುವಂಥದ್ದಾಗಿರಲಿಲ್ಲ, ಅದನ್ನು ಲೆಕ್ಕದಿಂದ ತೆಗೆದುಹಾಕು.

ನಿನ್ನ ಪಾಲಿನ ಚೆಂಡು ಬೇರೆ ಇದೆ. ಬ್ಯಾಟಿನ ಒಳ ಅಂಚಿಗೆ ಸವರಿ, ಪ್ಯಾಡಿಗೆ ಬಡಿದು, ಕಸುವು ಕಳೆದುಕೊಂಡು ಮೇಲಕ್ಕೆ ಪುಟಿಯುವ ಚೆಂಡು. ಬ್ಯಾಟ್-ಪ್ಯಾಡ್ ಕ್ಯಾಚ್ ಎನ್ನುತ್ತಾರಲ್ಲ, ಅದು. ಕೆಲವೊಮ್ಮೆ ಪ್ಯಾಡ್ ಮೊದಲು, ಬ್ಯಾಟು ಆಮೇಲೆ. ಕೆಲವೊಮ್ಮೆ ಗ್ಲೌಸಿಗೆ ತಾಗಿ ಬರುತ್ತದೆ. ಅದಕ್ಕೆ ವೇಗವಿರುವುದಿಲ್ಲ, ಆಯುಷ್ಯವೂ ಇರುವುದಿಲ್ಲ. ಮೊಣಕಾಲೆತ್ತರಕ್ಕೆ ಏರಿ, ಅರೆಗಳಿಗೆ ಯೋಚಿಸಿದಂತೆ ನಿಂತು, ಬಿದ್ದುಬಿಡುತ್ತದೆ. ನೆಲಕ್ಕೂ ಅದಕ್ಕೂ ಗೇಣು ಉಳಿದಿರುವಾಗ ನಿನ್ನ ಬೆರಳು ಅದರ ಅಡಿಗೆ ಹೋಗಬೇಕು. ಅಂಥದ್ದು ದಿನಕ್ಕೆ ಒಂದು ಬಂದರೆ ಹೆಚ್ಚು. ಅದಕ್ಕಾಗಿ ಇಷ್ಟೆಲ್ಲ ಸಿದ್ಧತೆ.

ಕೂರುವ ಬಗೆಯಲ್ಲೇ ನೀನು ತಪ್ಪಿದ್ದೀಯೆ ಎಂದು ಮಂಡಿ ನೋವಿನ ಮಾತು ಓದಿದಾಗಲೇ ಗೊತ್ತಾಯಿತು. ಕುಕ್ಕರಗಾಲಿನಲ್ಲಿ ಪೂರ್ತಿ ಕೂತರೆ ಭಾರವೆಲ್ಲ ಹಿಮ್ಮಡಿಗೆ ಇಳಿಯುತ್ತದೆ, ಅಲ್ಲಿಂದ ಯಾವ ಕಡೆಗೂ ಹಾರಲಾಗದು. ಕಾಣದ ಒಂದು ಗಿಡ್ಡ ಸ್ಟೂಲಿನ ಮೇಲೆ ಕೂತಂತೆ ಇಳಿ. ಪಾದಗಳ ನಡುವೆ ಭುಜದ ಅಗಲಕ್ಕಿಂತ ತುಸು ಹೆಚ್ಚು ಅಂತರವಿರಲಿ, ಭಾರ ಪಾದದ ಮುಂಭಾಗದಲ್ಲಿರಲಿ. ಬೊಗಸೆ ಮಂಡಿಗಿಂತ ಕೆಳಗೆ, ಬೆರಳ ತುದಿ ನೆಲದ ಕಡೆಗೆ. ಕೆಳಗಿನಿಂದ ಮೇಲಕ್ಕೆ ಕೈ ತಾನಾಗಿ ಏರುತ್ತದೆ, ಮೇಲಿನಿಂದ ಕೆಳಕ್ಕೆ ಇಳಿಸುವುದಕ್ಕೆ ಇಡೀ ಮೈಯನ್ನೇ ಒಪ್ಪಿಸಬೇಕಾಗುತ್ತದೆ. ಹೊಸಬರು ಕೈಚೆಲ್ಲುವ ಕ್ಯಾಚ್‌ಗಳಲ್ಲಿ ಹೆಚ್ಚಿನವು ಅವರು ಮೊದಲೇ ಎದ್ದುಬಿಟ್ಟದ್ದರಿಂದ ಹೋದವು. ಇನ್ನು, ಓವರಿನುದ್ದಕ್ಕೂ ಇಳಿದೇ ಇರಬೇಕೆಂದು ಯಾರು ಹೇಳಿದರು? ದಿನಕ್ಕೆ 90 ಓವರ್ ಆದರೆ 540 ಎಸೆತ. ಎಸೆತ ಮುಗಿದ ಕೂಡಲೇ ಎದ್ದು ನಿಲ್ಲು, ಕಾಲು ಕೊಡವು, ಮೋಡವಿದ್ದರೆ ಮೋಡ ನೋಡು. ಬೌಲರ್ ಓಟ ಶುರುಮಾಡಿದ ಮೇಲೆ ಇಳಿದರೆ ಸಾಕು. ಹೀಗೆ ಮಾಡಿದರೆ ಮಂಡಿಯೂ ಉಳಿಯುತ್ತದೆ, ಗಮನವೂ ಉಳಿಯುತ್ತದೆ.

ಕಣ್ಣಿನ ವಿಷಯ ಇದಕ್ಕಿಂತ ಮುಖ್ಯ. ಕೀಪರ್‌ನ ಆಚೆ, ಆಫ್ ಪಕ್ಕದ ಮೊದಲ ಸ್ಲಿಪ್‌ನಲ್ಲಿ ನಿಂತವರು ಬೌಲರ್‌ನ ಕೈಯಿಂದಲೇ ಚೆಂಡಿನ ಬೆನ್ನು ಹತ್ತಬಹುದು, ಅವರಿಗೆ ಅದು ಎದುರಿಗೇ ಇದೆ. ನೀನು ಹಾಗೆ ಮಾಡಹೋದರೆ ಕತ್ತನ್ನು ಬೌಲರ್‌ನಿಂದ ಬ್ಯಾಟರ್‌ನತ್ತ ತಿರುಗಿಸುವಷ್ಟರಲ್ಲಿ ಆಟ ಮುಗಿದಿರುತ್ತದೆ. ಬೌಲರ್‌ನ ಕೈ ಮೇಲೇರುವ ಹೊತ್ತಿಗೆ ನಿನ್ನ ದೃಷ್ಟಿ ಬ್ಯಾಟರ್‌ನ ಮುಂದಿನ ಪ್ಯಾಡು ಮತ್ತು ಬ್ಯಾಟಿನ ಒಳ ಅಂಚು ಸಂಧಿಸುವ ಜಾಗದಲ್ಲಿ ನೆಟ್ಟಿರಲಿ. ಚೆಂಡು ತಾನಾಗಿ ಆ ಚೌಕಟ್ಟಿನೊಳಗೆ ಬರುತ್ತದೆ. ಮೊದಮೊದಲು ಭಯವಾಗುತ್ತದೆ, ಹಿಂದಿನಿಂದ ಯಾರೋ ಬರುತ್ತಿರುವಾಗ ತಿರುಗಿ ನೋಡದೆ ನಿಂತ ಹಾಗೆ.

ಅಲ್ಲಿ ನೆಟ್ಟ ಕಣ್ಣಿಗೆ ಬ್ಯಾಟರ್ ಒಂದು ತೆರೆದ ಪತ್ರ. ಅವಳ ತಲೆ ಮುಂದಿನ ಮಂಡಿಯ ಮೇಲೆ ಬಾಗಿ, ಬ್ಯಾಟು ಪ್ಯಾಡಿನ ಪಕ್ಕದಲ್ಲಿ ನೇರವಾಗಿ ಇಳಿದರೆ ಆ ಎಸೆತ ನಿನ್ನದು, ಕದಲಬೇಡ. ಮಂಡಿ ನೆಲದ ಕಡೆಗೆ ಕುಸಿದು ಬ್ಯಾಟು ಅಡ್ಡಕ್ಕೆ ಏಳುವುದು ಕಂಡರೆ ಸ್ವೀಪ್. ಹಿಂದಿನ ಕಾಲು ಸ್ಟಂಪಿನತ್ತ ಸರಿದು ಭುಜ ತೆರೆದುಕೊಂಡರೆ ಪುಲ್. ಈ ಎರಡರಲ್ಲಿ ನೀನು ಮಾಡಬೇಕಾದ್ದು ಒಂದೇ: ಗಲ್ಲವನ್ನು ಎದೆಗೆ ಒತ್ತಿ, ಭುಜ ತಿರುಗಿಸಿ, ಇನ್ನಷ್ಟು ಕುಗ್ಗು. ಎದ್ದು ಓಡಬೇಡ. ಅಂಥ ಹೊಡೆತಗಳಲ್ಲಿ ಹೆಚ್ಚಿನವು ಕುಗ್ಗಿದವಳ ಮೇಲಿಂದ ಹೋಗುತ್ತವೆ, ಎದ್ದವಳಿಗೆ ಬಡಿಯುತ್ತವೆ. ಕಿವಿಯನ್ನೂ ತೆರೆದಿಟ್ಟುಕೋ. ಬ್ಯಾಟಿನದು ‘ಟಕ್’, ಪ್ಯಾಡಿನದು ‘ಡಬ್’. ಅಷ್ಟು ಹತ್ತಿರದಲ್ಲಿ ಎರಡೂ ಬೇರೆ ಬೇರೆ ಕೇಳುತ್ತವೆ. ಬರೀ ‘ಡಬ್’ ಕೇಳಿದಾಗ ಔಟ್ ಕೇಳಿ ಕಿರುಚಬೇಡ. ನಿನ್ನ ಕೂಗಿಗೆ ಬೆಲೆ ಇರಬೇಕು, ‘ಟಕ್’ ಇದ್ದಾಗ ಮಾತ್ರ ಕೂಗುವವಳು ಎಂದು ಬೌಲರ್‌ಗೂ ನಾಯಕಿಗೂ ಗೊತ್ತಿರಬೇಕು. ಅಂಪೈರ್ ತೀರ್ಪನ್ನು ಟಿವಿಯಲ್ಲಿ ಮತ್ತೆ ನೋಡಿಸುವ ರಿವ್ಯೂ ಕೇಳುವ ಅವಕಾಶವಿದ್ದಲ್ಲಿ ನಾಯಕಿ ಮೊದಲು ಕಣ್ಣು ಹಾಯಿಸುವ ಮುಖಗಳಲ್ಲಿ ನಿನ್ನದೂ ಒಂದಾಗುತ್ತದೆ.

ನಾನು ಕೈಚೆಲ್ಲಿದ ಒಂದರ ಕಥೆ ಹೇಳುತ್ತೇನೆ. ನಿನ್ನ ಅಪ್ಪನಿಗೆ ಗೊತ್ತಿದೆ, ಆದರೆ ಅವನು ಹೇಳುವುದು ಉಪ್ಪುಖಾರ ಹಚ್ಚಿದ ಕಥೆ. ನಮ್ಮ ಆಫ್ ಸ್ಪಿನ್ನರ್ ಬೌಲ್ ಮಾಡುತ್ತಿದ್ದಳು. ಓವರಿನ ಮೂರನೇ ಎಸೆತಕ್ಕೆ ಬ್ಯಾಟರ್ ಸ್ವೀಪ್ ಹೊಡೆದಳು, ಚೆಂಡು ನನ್ನ ಕಿವಿಯ ಮೇಲೆ ಗಾಳಿ ಸವರಿ ಹೋಯಿತು. ಬೆವರು ತಣ್ಣಗಾಯಿತು. ನಾಲ್ಕನೆಯದಕ್ಕೆ ಅವಳು ಮುಂದಕ್ಕೆ ಬಾಗಿ ತಡೆದಳು. ಟಕ್, ಡಬ್. ಚೆಂಡು ಮೇಲಕ್ಕೆ ಬಂತು. ನನಗೆ ಅದರ ಹೊಲಿಗೆ ಕಂಡಿತು, ಹೊಲಿಗೆಯ ಪಕ್ಕ ಒಂದೆಡೆ ಬಣ್ಣ ಸುಲಿದು ಬಿಳಿಚಿಕೊಂಡದ್ದೂ ಕಂಡಿತು. ಅಷ್ಟು ನಿಧಾನವಾಗಿತ್ತು ಅದು. ಆದರೆ ನಾನು ಹಿಮ್ಮಡಿಯ ಮೇಲಿದ್ದೆ. ಮೂರನೇ ಎಸೆತದ ಭಯ ನನ್ನನ್ನು ನಾಲ್ಕನೆಯದರಲ್ಲಿ ಎರಡು ಬೆರಳಷ್ಟು ಹಿಂದಕ್ಕೆ ವಾಲಿಸಿತ್ತು. ಕೈ ಹೋಯಿತು, ಮೈ ಹೋಗಲಿಲ್ಲ. ಚೆಂಡು ಉಗುರಿಗೆ ತಾಗಿ ಬಿತ್ತು. ಆ ಬ್ಯಾಟರ್ ಆಮೇಲೆ ಅಂದು ಸಂಜೆಯವರೆಗೂ ಆಡಿದಳು, ನನಗೆ ಅವಳ ಪ್ರತಿ ರನ್ನೂ ನೆನಪಿದೆ. ಬೌಲರ್ ಏನೂ ಅನ್ನಲಿಲ್ಲ. ಓವರ್ ಮುಗಿದ ಮೇಲೆ ನನ್ನ ಪಕ್ಕದಲ್ಲಿ ಹಾದುಹೋಗುತ್ತ, ‘ಮೂರನೇದು ಹೋಯಿತು, ಬಿಡು’ ಎಂದಳು. ನಾನು ಕೈಚೆಲ್ಲಿದ್ದು ನಾಲ್ಕನೆಯದನ್ನು. ಅವಳು ಸರಿಯಾಗಿಯೇ ಹೇಳಿದ್ದಳು ಎಂದು ಅರ್ಥವಾಗಲು ನನಗೆ ಒಂದು ವಾರ ಬೇಕಾಯಿತು.

ನೀನು ಕೈಚೆಲ್ಲಿದ್ದಕ್ಕೆ ಹಿಂದಿನ ಎಸೆತ ಏನಾಗಿತ್ತು ಎಂದು ನೆನಪು ಮಾಡಿಕೊಂಡು ಬರೆ. ನನಗೊಂದು ಊಹೆ ಇದೆ, ಈಗ ಹೇಳುವುದಿಲ್ಲ.

ಭಯದ ಮಾತು ಬಂತು, ಹೆಲ್ಮೆಟ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಇದು ಸಲಹೆಯಲ್ಲ, ಅಪ್ಪಣೆ. ನಮ್ಮ ತಂಡದಲ್ಲಿದ್ದ ಹೆಲ್ಮೆಟ್‌ಗೆ ಮುಖದ ಜಾಲರಿ ಇರಲಿಲ್ಲ, ಬಾಗಿದರೆ ಕಣ್ಣಿನ ಮೇಲೆ ಜಾರುತ್ತಿತ್ತು, ಆದ್ದರಿಂದ ನಾನು ಅದನ್ನು ಹಾಕುತ್ತಲೇ ಇರಲಿಲ್ಲ. ಅದು ಧೈರ್ಯವೆಂದು ಆಗ ತಿಳಿದಿದ್ದೆ. 1998ರ ಫೆಬ್ರುವರಿಯಲ್ಲಿ, ಭಾರತಕ್ಕೆ ಟೆಸ್ಟ್ ಆಡಿದ್ದ ರಮಣ್ ಲಾಂಬಾ ಢಾಕಾದ ಒಂದು ಕ್ಲಬ್ ಪಂದ್ಯದಲ್ಲಿ ಶಾರ್ಟ್ ಲೆಗ್‌ಗೆ ಬಂದು ನಿಂತರು. ಓವರಿನಲ್ಲಿ ಉಳಿದದ್ದು ಮೂರೇ ಎಸೆತ ಎಂದು ಹೆಲ್ಮೆಟ್ ತರಿಸಿಕೊಳ್ಳಲಿಲ್ಲ. ಹೊಡೆತ ಅವರ ತಲೆಗೆ ಬಡಿದು ಚೆಂಡು ವಿಕೆಟ್ ಕೀಪರ್ ಕೈ ಸೇರಿತು, ಬ್ಯಾಟರ್ ಔಟಾದ. ಲಾಂಬಾ ಕೆಲವು ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಸುದ್ದಿ ಓದಿದ ದಿನ ನಾನು ಆಟ ಬಿಟ್ಟು ವರ್ಷಗಳಾಗಿದ್ದವು, ಆದರೂ ಕೈ ತಾನಾಗಿ ಕಿವಿಯ ಮೇಲೆ ಹೋಯಿತು. ಒಂದೇ ಎಸೆತ ಉಳಿದಿರಲಿ, ಜಾಲರಿಯ ಹೆಲ್ಮೆಟ್ ಇಲ್ಲದೆ ಅಲ್ಲಿ ಇಳಿಯಬೇಡ. ತರಿಸಿಕೊಡುವವರೆಗೆ ಆಟ ನಿಂತರೆ ನಿಲ್ಲಲಿ. ಕೊಡದ ನಾಯಕಿಯಿದ್ದರೆ ಅವಳನ್ನೇ ಅಲ್ಲಿ ನಿಲ್ಲಲು ಹೇಳು, ನನ್ನ ಹೆಸರು ಹೇಳಿ ಹೇಳು. ಗ್ಲೌಸ್ ಹಾಕುವಂತಿಲ್ಲ, ಅದು ವಿಕೆಟ್ ಕೀಪರ್‌ಗೆ ಮಾತ್ರ. ಪ್ಯಾಡನ್ನೂ ಹೊರಗೆ ಕಾಣುವಂತೆ ಕಟ್ಟುವಂತಿಲ್ಲ. ಪ್ಯಾಂಟಿನ ಒಳಗೆ ಮೊಣಕಾಲ ಕೆಳಗಿನ ರಕ್ಷೆ ಹಾಕಿಕೊಳ್ಳಬಹುದು, ಎದೆಯ ರಕ್ಷೆಯೂ ಇರಲಿ. ಬೇಡವಾದಾಗ ಹೆಲ್ಮೆಟನ್ನು ಕೀಪರ್ ಹಿಂದೆ ಇಟ್ಟರೆ ಸರಿಯಾಗಿ ಅವಳ ಬೆನ್ನಿಗೇ ಇಡು. ನೆಲದ ಮೇಲಿರುವ ಹೆಲ್ಮೆಟ್‌ಗೆ ಚೆಂಡು ಬಡಿದರೆ ನಮಗೆ ದಂಡ, ಎದುರಾಳಿಗೆ ಐದು ರನ್. ತಲೆಯ ಮೇಲಿರುವ ಹೆಲ್ಮೆಟ್‌ಗೆ ಬಡಿದು ಪುಟಿದ ಚೆಂಡನ್ನು ಹಿಡಿದರೆ ಮೊದಲು ಔಟ್ ಇರಲಿಲ್ಲ, 2017ರಿಂದ ಔಟ್. ನಿನ್ನ ತಲೆಗೂ ಒಂದು ವಿಕೆಟ್ ದಕ್ಕಬಹುದು ಎಂದಾಯಿತು.

ಈಗ ನಿನ್ನ ಕಂಬದ ಮಾತಿಗೆ ಬರುತ್ತೇನೆ.

ಆಫ್ ಸ್ಪಿನ್ನರ್‌ನ ಚೆಂಡು ಬಲಗೈ ಬ್ಯಾಟರ್‌ಗೆ ಒಳಗೆ ತಿರುಗುತ್ತದೆ, ಬ್ಯಾಟಿನ ಒಳ ಅಂಚಿನತ್ತ, ಎಂದರೆ ನಿನ್ನತ್ತ. ನೀನು ಅಲ್ಲಿಲ್ಲದಿದ್ದರೆ ಬ್ಯಾಟರ್ ಕೈ ಮುಂದೆ ಚಾಚಿ, ಬ್ಯಾಟು ಗಟ್ಟಿ ಹಿಡಿದು, ನಿಶ್ಚಿಂತೆಯಿಂದ ತಡೆಯುತ್ತಾಳೆ. ಚೆಂಡು ಗಾಳಿಯಲ್ಲಿ ಪುಟಿದರೂ ಹಿಡಿಯುವವರಿಲ್ಲ. ನೀನು ಬಂದು ಇಳಿದ ಕ್ಷಣದಿಂದ ಅವಳ ಆಟ ಬೇರೆಯಾಗುತ್ತದೆ. ಹಿಡಿತ ಸಡಿಲವಾಗುತ್ತದೆ, ಬ್ಯಾಟು ಪ್ಯಾಡಿನ ಹಿಂದೆ ಅಡಗಲು ನೋಡುತ್ತದೆ. ಬ್ಯಾಟು ಅಡಗಿಸಿ ಪ್ಯಾಡು ಮುಂದೊಡ್ಡಿ ಕಾಲ ಕಳೆಯುವುದು ಹಳೆಯ ಉಪಾಯ. 2008ರಲ್ಲಿ ಟೆಸ್ಟ್‌ಗಳಲ್ಲಿ ಈ ರಿವ್ಯೂ ಪದ್ಧತಿ, ಎಂದರೆ ಡಿಆರ್‌ಎಸ್, ಪ್ರಯೋಗಕ್ಕೆ ಬಂದ ಮೇಲೆ ದೊಡ್ಡ ಪಂದ್ಯಗಳಲ್ಲಿ ಆ ಉಪಾಯ ಅಷ್ಟಾಗಿ ನಡೆಯುತ್ತಿಲ್ಲ, ಮುಂದೆ ಚಾಚಿದ ಪ್ಯಾಡಿಗೂ ಎಲ್‌ಬಿಡಬ್ಲ್ಯು (ಸ್ಟಂಪಿಗೆ ಹೋಗುವ ಚೆಂಡನ್ನು ಕಾಲಿನಿಂದ ತಡೆದದ್ದಕ್ಕೆ ಔಟ್) ಬೀಳುತ್ತದೆ. ಇನ್ನು ಕೆಲವರು ಸಾಕಾಗಿ, ನಿನ್ನನ್ನು ಅಲ್ಲಿಂದ ಎಬ್ಬಿಸಬೇಕೆಂದು ಅಡ್ಡ ಬ್ಯಾಟಿನಲ್ಲಿ ಹೊಡೆಯಲು ಹೋಗಿ ಬೌಲ್ಡ್ ಆಗುತ್ತಾರೆ. ಅಂಕಪಟ್ಟಿಯಲ್ಲಿ ಬೌಲ್ಡ್ ಎಂದಿರುತ್ತದೆ, ಎಲ್‌ಬಿಡಬ್ಲ್ಯು ಎಂದಿರುತ್ತದೆ. ನಿನ್ನ ಹೆಸರು ಎಲ್ಲಿಯೂ ಇರುವುದಿಲ್ಲ. ಇದು ಅನ್ಯಾಯವೇ, ನಾನು ಸಮರ್ಥಿಸುವುದಿಲ್ಲ. ಆದರೆ ಬೌಲರ್‌ಗೆ ಗೊತ್ತಿರುತ್ತದೆ. ನಮ್ಮ ಆಫ್ ಸ್ಪಿನ್ನರ್ ಒಂದು ಪಂದ್ಯದಲ್ಲಿ ನಾಯಕಿ ನನ್ನನ್ನು ಮಿಡ್‌ವಿಕೆಟ್‌ಗೆ ಕಳಿಸಲು ಕೈ ಎತ್ತಿದಾಗ ಓಟವನ್ನೇ ನಿಲ್ಲಿಸಿ, ಚೆಂಡನ್ನು ಬೆನ್ನ ಹಿಂದೆ ಹಿಡಿದು ಸುಮ್ಮನೆ ನಿಂತುಬಿಟ್ಟಳು. ನಾನು ಮತ್ತೆ ಬಂದು ಇಳಿಯುವವರೆಗೆ ಎಸೆಯಲಿಲ್ಲ. ಅಂದು ನಾನು ಒಂದು ಕ್ಯಾಚೂ ಹಿಡಿಯಲಿಲ್ಲ.

ಹೆಸರು ಬಂದವರೂ ಇದ್ದಾರೆ. ಭಾರತದ ಶಾರ್ಟ್ ಲೆಗ್‌ನಲ್ಲಿ ನಿಲ್ಲುತ್ತಿದ್ದ ಏಕನಾಥ ಸೋಳ್ಕರ್ 27 ಟೆಸ್ಟ್‌ಗಳಲ್ಲಿ 53 ಕ್ಯಾಚ್ ಹಿಡಿದರು, ಪಂದ್ಯಕ್ಕೆ ಹೆಚ್ಚು ಕಡಿಮೆ ಎರಡು, ಅದೂ ಹೆಲ್ಮೆಟ್ ಇಲ್ಲದ ಕಾಲದಲ್ಲಿ. 1971ರ ಆಗಸ್ಟ್‌ನಲ್ಲಿ ಓವಲ್‌ನಲ್ಲಿ ಚಂದ್ರಶೇಖರ್ 38 ರನ್‌ಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದ್ದು ಎಲ್ಲರಿಗೂ ಗೊತ್ತು. ಅದೇ ಇನಿಂಗ್ಸ್‌ನಲ್ಲಿ ವೆಂಕಟರಾಘವನ್ ಎಸೆತಕ್ಕೆ ಅಲನ್ ನಾಟ್ ಮುಂದೆ ಬಾಗಿ ತಡೆದಾಗ ಸೋಳ್ಕರ್ ಮುಂದಕ್ಕೆ ಹಾರಿ, ನೆಲದ ಮೇಲೆ ಉದ್ದಕ್ಕೆ ಮಲಗಿ ಹಿಡಿದ ಕ್ಯಾಚಿನ ಚಿತ್ರ ಸಿಕ್ಕರೆ ನೋಡು. ಹಿಂದಕ್ಕೆ ವಾಲಿದ ಮೈಯಿಂದ ಆ ಹಾರಾಟ ಸಾಧ್ಯವೇ ಇಲ್ಲ. 1999ರ ಫೆಬ್ರುವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ವಿರುದ್ಧ ಲೆಗ್ ಸ್ಪಿನ್ನರ್ ಅನಿಲ್ ಕುಂಬ್ಳೆ 74 ರನ್‌ಗೆ 10 ವಿಕೆಟ್ ತೆಗೆದರಲ್ಲ, ಹತ್ತನೆಯದಾಗಿ ವಾಸಿಂ ಅಕ್ರಂ ಕ್ಯಾಚ್ ಕೊಟ್ಟದ್ದು ಶಾರ್ಟ್ ಲೆಗ್‌ನಲ್ಲಿದ್ದ ವಿ.ವಿ.ಎಸ್. ಲಕ್ಷ್ಮಣ್ ಅವರಿಗೆ. ಅದಕ್ಕೂ ಮೊದಲು ಸಯೀದ್ ಅನ್ವರ್ ಕ್ಯಾಚ್ ಹಿಡಿದವರೂ ಅವರೇ. ಅಕ್ರಂ, ಅನ್ವರ್ ಇಬ್ಬರೂ ಎಡಗೈಯವರು. ಲೆಗ್ ಸ್ಪಿನ್ನರ್‌ನ ಚೆಂಡು ಎಡಗೈಯವರಿಗೆ ಒಳಗೆ ಬರುತ್ತದೆ ಎಂಬುದನ್ನು ಇದರಿಂದ ನೆನಪಿಟ್ಟುಕೋ, ಬೇರೆ ಪಾಠ ಬೇಡ.

ನನಗೆ ತುಂಬ ಇಷ್ಟವಾದದ್ದು ಆಸ್ಟ್ರೇಲಿಯಾದ ಬೌಲರ್ ಶೇನ್ ವಾರ್ನ್ ಕಥೆ. 1994ರ ಡಿಸೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಅವರು ಇಂಗ್ಲೆಂಡ್ ವಿರುದ್ಧ ಹ್ಯಾಟ್ರಿಕ್ ಮಾಡಿದರು, ಸತತ ಮೂರು ಎಸೆತಕ್ಕೆ ಮೂರು ವಿಕೆಟ್. ಮೂರನೆಯ ವಿಕೆಟ್ ಡೆವನ್ ಮಾಲ್ಕಂ ಅವರದು. ಶಾರ್ಟ್ ಲೆಗ್‌ನಲ್ಲಿದ್ದ ಡೇವಿಡ್ ಬೂನ್ ಬಲಕ್ಕೆ ಹಾರಿ ಹಿಡಿದರು. ಬೂನ್ ಗುಂಡುಗುಂಡಗಿನ ಆಳು, ಮೀಸೆ ಬೇರೆ, ಹಾರುವವರಂತೆ ಕಾಣುತ್ತಲೇ ಇರಲಿಲ್ಲ. ಆರು ವರ್ಷ ಕಳೆದು, 2001ರ ಮಾರ್ಚ್‌ನಲ್ಲಿ ಕೋಲ್ಕತ್ತದಲ್ಲಿ ಹರಭಜನ್ ಸಿಂಗ್ ಸತತ ಎರಡು ಎಸೆತಗಳಲ್ಲಿ ಪಾಂಟಿಂಗ್ ಮತ್ತು ಗಿಲ್‌ಕ್ರಿಸ್ಟ್ ವಿಕೆಟ್ ಪಡೆದಾಗ ಮೂರನೆಯದಕ್ಕೆ ಬಂದವರು ಇದೇ ವಾರ್ನ್. ಶಾರ್ಟ್ ಲೆಗ್, ಸಡಗೋಪನ್ ರಮೇಶ್ ಕೈ. ಮೂರನೇ ಅಂಪೈರ್ ನೋಡಿ ಔಟ್ ಎಂದರು, ಟೆಸ್ಟ್‌ನಲ್ಲಿ ಭಾರತದ ಮೊದಲ ಹ್ಯಾಟ್ರಿಕ್ ಆಯಿತು. ಒಬ್ಬನೇ ಮನುಷ್ಯನಿಗೆ ಕೊಟ್ಟದ್ದೂ ಅದೇ ಜಾಗ, ಕಿತ್ತುಕೊಂಡದ್ದೂ ಅದೇ ಜಾಗ. ರಮೇಶ್ ಅವರನ್ನು ಯಾರೂ ಮಹಾ ಕ್ಷೇತ್ರರಕ್ಷಕ ಎಂದು ಹೊಗಳಿದ್ದು ನಾನು ಕೇಳಿಲ್ಲ. ಅವರು ಅಂದು ಅಲ್ಲಿ ತಗ್ಗಿ ಕೂತಿದ್ದರು, ಅಷ್ಟೇ.

ಕೆಲವು ಬಿಡಿ ಮಾತು. ಪಿಚ್ ನಿಧಾನವಾಗಿ, ಚೆಂಡು ಏಳದಿದ್ದರೆ ಹತ್ತಿರ ಸರಿ. ಪುಟಿತ ಜೋರಾಗಿದ್ದರೆ ಅರ್ಧ ಹೆಜ್ಜೆ ಹಿಂದೆ ಹೋಗು. ವೇಗದ ಬೌಲರ್‌ಗೆ ನಿಲ್ಲುವುದಾದರೆ ಬ್ಯಾಟರ್‌ನ ನೇರ ಪಕ್ಕಕ್ಕೆ, ಇನ್ನೂ ದೂರಕ್ಕೆ. ಅಲ್ಲಿ ಬರುವುದು ಪಕ್ಕೆಲುಬು ಕಾಪಾಡಿಕೊಳ್ಳಲು ಎತ್ತಿದ ಬ್ಯಾಟಿಗೆ ತಾಗಿ ಪುಟಿದ ಚೆಂಡು. ಚೆಂಡು ಬ್ಯಾಟರನ್ನು ತಲುಪುವ ಮೊದಲು ನಿಂತ ಜಾಗ ಬದಲಾಯಿಸಬೇಡ. ತುಸು ಹೊಂದಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ, ದೊಡ್ಡ ಚಲನೆಗೆ ಐದು ರನ್ ದಂಡ. ಸಂಜೆ ನಿನ್ನ ನೆರಳು ಉದ್ದವಾಗಿ ಪಿಚ್ ಮೇಲೆ ಬಿದ್ದರೆ ಅದು ಅಲುಗಾಡದಂತೆ ನೋಡಿಕೋ. ಬ್ಯಾಟರ್ ಜೊತೆ ಮಾತಿಗೆ ಇಳಿಯಬೇಡ, ಉಸಿರು ವ್ಯರ್ಥ. ಚೆಂಡು ನಿನ್ನ ಕೈಗೆ ನೆಲದ ಮೂಲಕ ಬಂದು, ಬ್ಯಾಟರ್‌ನ ಕಾಲು ಕ್ರೀಸಿನ ಹೊರಗಿದ್ದರೆ ಸ್ಟಂಪಿಗೆ ಎಸೆ. ಅಷ್ಟು ಹತ್ತಿರದಿಂದ ಗುರಿ ತಪ್ಪಿದರೆ ಮಾತ್ರ ಬೈಯುತ್ತೇನೆ.

ಅಭ್ಯಾಸಕ್ಕೆ ಟೆನಿಸ್ ಚೆಂಡು ಸಾಕು. ಗೋಡೆಗೆ ಎದುರಾಗಿ ಎರಡು ಮಾರು ದೂರದಲ್ಲಿ ಇಳಿದು ಕೂರು, ಬೆನ್ನ ಹಿಂದೆ ಯಾರಾದರೂ ನಿಂತು ಗೋಡೆಗೆ ಎಸೆಯಲಿ. ಎಸೆಯುವ ಕೈ ಕಾಣುವುದಿಲ್ಲ, ಬರುವ ಚೆಂಡು ಮಾತ್ರ ಕಾಣುತ್ತದೆ. ದಿನಕ್ಕೆ 50 ಹಿಡಿ, ಅದರಲ್ಲಿ 20 ಎಡಗೈ ಒಂದರಲ್ಲೇ.

ಇನ್ನೊಂದು ಮಾತು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಹೊಸಬರನ್ನು ಅಲ್ಲಿಗೆ ತಳ್ಳುವ ಪದ್ಧತಿ ನಿಜ, ದೊಡ್ಡ ದೊಡ್ಡ ತಂಡಗಳಲ್ಲೂ ಇದೆ. ಹಿರಿಯರು ತಮಗೆ ಬೇಡವಾದ ಕೆಲಸವನ್ನು ಸಂಪ್ರದಾಯ ಎಂದು ಕರೆದರು. ನಾನು ಹೇಳಿದ್ದನ್ನೆಲ್ಲ ಹತ್ತು ದಿನ ಮಾಡಿ ನೋಡಿದ ಮೇಲೂ ಅಲ್ಲಿ ಇಳಿಯುವಾಗ ಹೊಟ್ಟೆ ತೊಳಸಿದರೆ, ಕಣ್ಣು ತಾನಾಗಿ ಮುಚ್ಚಿಕೊಂಡರೆ, ನಾಯಕಿಗೆ ನೇರವಾಗಿ ಹೇಳಿಬಿಡು. ಕಣ್ಣು ಮುಚ್ಚುವವರಿಗೆ ಅದು ಜಾಗವಲ್ಲ, ಅದರಲ್ಲಿ ನಾಚಿಕೆಯೂ ಇಲ್ಲ. ಆದರೆ ನಿನ್ನ ಪತ್ರದಲ್ಲಿ ಭಯದ ಒಂದು ಸಾಲೂ ನನಗೆ ಸಿಗಲಿಲ್ಲ. ಬೇಸರವೇ ಎಲ್ಲ ಕಡೆ ಇತ್ತು.

ಆದ್ದರಿಂದ ಮುಂದಿನ ಪಂದ್ಯದಲ್ಲಿ ಒಂದು ಕೆಲಸ ಮಾಡು. ಬೌಲರ್ ಓಟಕ್ಕೆ ಸಿದ್ಧಳಾಗುವ ಮೊದಲು ಬ್ಯಾಟರ್ ತಲೆ ಎತ್ತಿ ಅಂಗಳವನ್ನು ಒಂದು ಸುತ್ತು ನೋಡುತ್ತಾಳೆ. ಕವರ್, ಮಿಡ್ ಆಫ್, ಮಿಡ್ ಆನ್, ಎಲ್ಲ ನೋಡಿ ಕೊನೆಗೆ ಕಣ್ಣಿನ ಕೊನೆಯಿಂದ ನಿನ್ನತ್ತ. ಎಷ್ಟು ಸಲ ಹಾಗೆ ನೋಡಿದಳು ಎಂದು ಎಣಿಸಿ ನನಗೆ ಬರೆ. ಕಂಬವನ್ನು ಯಾರೂ ಅಷ್ಟು ಸಲ ನೋಡುವುದಿಲ್ಲ.

ಇಂತು ನಿನ್ನ
ಅತ್ತೆ

ತಾ. ಕ.: ನಿನ್ನ ಅಪ್ಪ ಫೋನ್ ಮಾಡಿ, ಮಗಳ ತೊಡೆ ನೀಲಿಗಟ್ಟಿದೆ, ಆಟ ಬಿಡಲು ಹೇಳು ಎಂದ. ನನ್ನ ಕಿವಿಯ ಪಕ್ಕದಲ್ಲಿ ಗೋಡೆಗೆ ಚೆಂಡು ಎಸೆದು ಎಸೆದು ಅಭ್ಯಾಸ ಮಾಡಿಸಿದವನು ಅವನೇ ಎಂದು ನೆನಪಿಸಿದೆ. ಫೋನ್ ಇಟ್ಟುಬಿಟ್ಟ. ಗೋಡೆಗೆ ಎಸೆಯಲು ಅವನನ್ನೇ ಕರೆ, ಬರುತ್ತಾನೆ.